ಮಳೆಗೂ ಮನಸ್ಸಿಗೂ ಒಗ್ಗುವ ಮನೆ

ಕುಮಟಾ, ಹೊನ್ನಾವರ, ಭಟ್ಕಳದ ಕಡೆ ಹೊಸ ಮನೆಯ ಗೃಹಪ್ರವೇಶಕ್ಕೆ ಹೋದರೆ ಒಂದು ಮಾತು ಕಿವಿಗೆ ಬೀಳದೆ ಇರುವುದಿಲ್ಲ: "ಸಾಮಾನು ಎಲ್ಲಾ ಹೊಸದೇ!" ಹೇಳುವ ಗೃಹಿಣಿಯ ದನಿಯಲ್ಲಿ ಹೆಮ್ಮೆಯಿರುತ್ತದೆ. ವರ್ಷಗಟ್ಟಲೆ ಕೂಡಿಟ್ಟ ದುಡ್ಡು, ಇರಬೇಕಾದದ್ದೇ. ಆದರೆ ಹಿತ್ತಲಿಗೆ ಬಂದರೆ ಹಲಸಿನ ಮರದ ಮಂಚ, ಬೆತ್ತ ಹರಿದ ಆರಾಮಕುರ್ಚಿ, ಅಜ್ಜಿಯ ಕಾಲದ ಮರದ ಪೆಟ್ಟಿಗೆ ತಾಡಪಾಲು ಹೊದ್ದು ಹಳೇ ಸಾಮಾನಿನ ವ್ಯಾಪಾರಿಗೆ ಕಾಯುತ್ತಾ ಕೂತಿರುತ್ತವೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಳಗಿನ ಸೋಫಾ ಹಿತ್ತಲಿಗೆ ಬಂದಿರುತ್ತದೆ. ಆ ಮಂಚ ಮಾತ್ರ ಯಾವುದೋ ಪ್ರವಾಸಿ ಹೋಟೆಲಿನಲ್ಲಿ ಪಾಲಿಶ್ ಹೊಡೆಸಿಕೊಂಡು ಮೆರೆಯುತ್ತಿರುತ್ತದೆ!

ಗೃಹಾಲಂಕಾರ ಬಲ್ಲವರು ಹೇಳುವುದುಂಟು, ಮನೆಯ ಚೆಲುವು ಪದರ ಪದರವಾಗಿ ಬರಬೇಕು ಅಂತ. ಮೊದಲು ನೆಲ, ಗೋಡೆ. ಆಮೇಲೆ ಮರದ ಸಾಮಾನು. ಅದರ ಮೇಲೆ ಚಾಪೆ, ದಿಂಬು, ಪರದೆ. ಕೊನೆಗೆ ದೀಪ, ಚಿತ್ರ. ಒಂದರ ಮೇಲೊಂದು ಬಂದರೂ ಎಲ್ಲ ಸೇರಿ ಒಂದೇ ಮನೆಯವು ಅನ್ನಿಸಬೇಕು. ಮಾತು ಸರಿಯೇ. ಆದರೆ ಅವರು ತೋರಿಸುವ ಚಿತ್ರಗಳಲ್ಲಿ ಮಳೆಯೇ ಇರುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಉಳಿದ ದಿನ ಉಪ್ಪುಗಾಳಿ. ಆದ್ದರಿಂದ ಅಂಗಡಿಯಲ್ಲಿ ನಿಂತಾಗ "ಚಂದ ಕಾಣ್ತದಾ?" ಅನ್ನುವ ಮೊದಲು "ಆಷಾಢದಲ್ಲಿ ಇದು ಎಂತಾಗ್ತದೆ?" ಅಂತ ಕೇಳಿಕೊಳ್ಳಬೇಕು.

ಗೋಡೆಯಿಂದಲೇ ಶುರುಮಾಡೋಣ, ಹೆಚ್ಚು ದುಡ್ಡು ಹಾಳಾಗುವುದು ಅಲ್ಲೇ. ಹಳೆಯ ಮನೆಗಳ ಗೋಡೆ ಚಿರೆಕಲ್ಲಿನದು, ಮೇಲಿನ ಗಿಲಾವು ಸುಣ್ಣದ್ದು. ಚಿರೆಕಲ್ಲು ಮಳೆಗಾಲದಲ್ಲಿ ನೀರು ಹೀರುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಸುಣ್ಣ ಆ ತೇವವನ್ನು ಹೊರಗೆ ಹೋಗಗೊಡುತ್ತದೆ. ಅದರ ಮೇಲೆ ಸಿಮೆಂಟು ಬಳಿದು ಪ್ಲಾಸ್ಟಿಕ್ ಪೇಂಟ್ ಹೊಡೆಸಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಮರುವರ್ಷ ಬಣ್ಣ ಗುಳ್ಳೆಯೆದ್ದು ಹಪ್ಪಳದ ಹಾಗೆ ಉದುರುತ್ತದೆ, ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಮನೆಯಲ್ಲಿ ಉಬ್ಬಸದವರಿದ್ದರೆ ಇದು ಬರೀ ಅಂದದ ಪ್ರಶ್ನೆಯಲ್ಲ. ಪೇಂಟಿನ ಅಂಗಡಿಯವರು ಏನೇ ಹೇಳಲಿ, ಹಳೆ ಗೋಡೆಗೆ ಸುಣ್ಣವೇ ವಾಸಿ. ಬರೀ ಬಿಳಿ ಬೇಡವೆಂದರೆ ಸುಣ್ಣಕ್ಕೇ ಸ್ವಲ್ಪ ಹಳದಿ ಮಣ್ಣಿನ ಬಣ್ಣ ಬೆರೆಸಬಹುದು. ಕಾಂಕ್ರೀಟಿನ ಹೊಸ ಮನೆಯಾದರೆ ಪೇಂಟ್ ಅಡ್ಡಿಯಿಲ್ಲ. ಆದರೆ ಗೋಡೆ ಪೂರ್ತಿ ಒಣಗುವವರೆಗೆ ಕಾಯಿರಿ, ಗೃಹಪ್ರವೇಶದ ಮುಹೂರ್ತಕ್ಕೆ ಅವಸರ ಮಾಡಬೇಡಿ.

ಇನ್ನು ಎಲ್ಲವನ್ನೂ ಒಂದುಗೂಡಿಸುವ ಬಣ್ಣ. ಅದನ್ನು ಹುಡುಕಲು ಬೆಂಗಳೂರಿಗೆ ಹೋಗಬೇಕಿಲ್ಲ, ಅಂಗಳಕ್ಕೆ ಇಳಿದರೆ ಸಾಕು. ಚಿರೆಕಲ್ಲು ಕೆಂಪು, ಮಂಗಳೂರು ಹೆಂಚು ಕೆಂಪು, ತುಳಸಿಕಟ್ಟೆಗೆ ದೀಪಾವಳಿಯಲ್ಲಿ ಬಳಿಯುವ ಕೆಮ್ಮಣ್ಣೂ ಕೆಂಪು. ಅದರ ಮೇಲೆ ಬಿಳಿ ಶೇಡಿಯ ಗೆರೆ. ಇದೇ ಕೆಂಪು ಬಿಳುಪಿನಲ್ಲಿ ನಮ್ಮ ಕರಾವಳಿಯ ದೇವಸ್ಥಾನಗಳ ಗೋಡೆಗಳ ಮೇಲೆ ಕಾವಿ ಕಲೆ ಅರಳಿತ್ತು. ಕಡಲ ಚಿಪ್ಪು ಸುಟ್ಟ ಸುಣ್ಣಕ್ಕೆ ಮರಳು, ಬೆಲ್ಲ ಸೇರಿಸಿ ಕೊಳೆಹಾಕಿ, ಹದ ಬಂದ ಮೇಲೆ ಗೋಡೆಗೆ ಮೆತ್ತಿ, ಮೇಲೆ ಕಾವಿಮಣ್ಣಿನ ಪದರ ಬಳಿದು, ಹಸಿಯಿರುವಾಗಲೇ ಮೊನೆಯಿಂದ ಕೆರೆದು ಒಳಗಿನ ಬಿಳುಪು ಕಾಣಿಸುವ ಕಲೆ ಅದು. ಹೊನ್ನಾವರದಲ್ಲಿ ಹುಟ್ಟಿದ ಡಾ. ಕೃಷ್ಣಾನಂದ ಕಾಮತರು (1934–2002) ಇದರ ಬಗ್ಗೆ ಬರೆದು, ಫೋಟೋ ತೆಗೆದು ಇಡದಿದ್ದರೆ ಎಷ್ಟೋ ಚಿತ್ರಗಳ ನೆನಪೂ ಉಳಿಯುತ್ತಿರಲಿಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಗೋಡೆಯನ್ನೇ ಕೆಡವಿದ ಕಡೆಗಳು ಬೇಕಾದಷ್ಟಿವೆ.

ಮನೆಯ ನೆಲ ಕೆಂಪು ಗಾರೆಯದಾಗಿದ್ದರೆ ದಯವಿಟ್ಟು ಅದರ ಮೇಲೆ ಟೈಲ್ಸ್ ಹಾಕಿಸಬೇಡಿ. ಒರೆಸಿದಷ್ಟೂ ಹೊಳಪು ಬರುವ ನೆಲ ಅದು. ಬಣ್ಣ ಮಂಕಾದಾಗ ಬಟ್ಟೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ, ಒಣಬಟ್ಟೆಯಿಂದ ಮತ್ತೆ ಒರೆಸಿ. ಬಿಳಿ ಟೈಲ್ಸ್ ಹಾಕಿಸಿ ಆಗಿದ್ದರೂ ಚಿಂತೆಯಿಲ್ಲ. ಪರದೆಯ ಅಂಚಿನಲ್ಲಿ, ಎರಡು ದಿಂಬಿನಲ್ಲಿ, ಜಗುಲಿಯ ಮಣ್ಣಿನ ಕುಂಡದಲ್ಲಿ ಆ ಕೆಂಪನ್ನು ತನ್ನಿ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದಾಗ ಅದೇ ಬಣ್ಣ ಎಲ್ಲೋ ಒಂದು ಕಡೆ ಕಂಡರೆ ಸಾಕು. ಗೋಡೆಯನ್ನೇ ಕೆಂಪು ಮಾಡಿದರೆ ಮಳೆಗಾಲದ ಮಧ್ಯಾಹ್ನ ಕೋಣೆ ಗವಿಯ ಹಾಗೆ ಕತ್ತಲು ಹೊಡೆಯುತ್ತದೆ.

ಮರದ ಸಾಮಾನಿನ ವಿಷಯ. ಹಳೆಯದೆಲ್ಲ ಚಿನ್ನವೇ ಅಂತ ನನ್ನ ವಾದವಲ್ಲ. ಗೆದ್ದಲು ತಿಂದ ಕಪಾಟನ್ನು ಭಾವನೆಗಾಗಿ ಇಟ್ಟುಕೊಂಡರೆ ಹೊಸ ಬಾಗಿಲನ್ನೂ ತಿಂದೀತು. ಆದರೆ ಸಾಗುವಾನಿ, ಬೀಟೆ, ಹಲಸಿನ ಗಟ್ಟಿ ಸಾಮಾನನ್ನು ಮಾರುವ ಮೊದಲು ಒಮ್ಮೆ ಬಡಗಿಗೆ ತೋರಿಸಿ. ಅಂಥ ಮರ ಇವತ್ತು ಕೊಳ್ಳಹೋದರೆ ಬೆಲೆ ಕೇಳಿಯೇ ವಾಪಸು ಬರುತ್ತೀರಿ. ಬೆತ್ತ ಹೊಸದಾಗಿ ಹೆಣೆಸಿದರೆ ಕುರ್ಚಿಗೆ ಮರುಜನ್ಮ. ಮಂಚದ ಕಾಲು ಕತ್ತರಿಸಿ ತಗ್ಗಿಸಿದರೆ ದೊಡ್ಡ ಜಗುಲಿಗೆ ಒಳ್ಳೆಯ ಬೈಠಕ್ಕು. ನಮ್ಮ ಹಿರಿಯರು ಜಂತಿ, ಪಕಾಸಿಗಳಿಗೆ ಗೇರೆಣ್ಣೆ ಹಚ್ಚಿ ಗೆದ್ದಲು ತಡೆಯುತ್ತಿದ್ದರು. ಅದು ಚರ್ಮಕ್ಕೆ ತಾಗಿದರೆ ಸುಡುತ್ತದೆ, ನೀವು ಕೈಹಾಕದೆ ತಿಳಿದವರಿಂದಲೇ ಮಾಡಿಸಿ.

ಹೊಸದು ತರುವುದಾದರೆ ಒತ್ತು ಹಲಗೆಯ ಅಗ್ಗದ ಕಪಾಟು ನಮ್ಮ ಊರಿಗಲ್ಲ. ಒಂದೇ ಮಳೆಗೆ ಬುಡ ಉಬ್ಬುತ್ತದೆ. ಪ್ಲೈವುಡ್ಡೇ ಆಗಬೇಕೆಂದರೆ ಹಲಗೆಯ ಮೇಲೆ ಐ.ಎಸ್. 710 ಮುದ್ರೆ ಇದೆಯೇ ನೋಡಿ, ಅದು ನೀರು ತಡೆಯುವ ಮರೈನ್ ಪ್ಲೈ. ಬಿಜಾಗರಿ ಹಿತ್ತಾಳೆಯದಿರಲಿ, ಸ್ಕ್ರೂ ಸ್ಟೀಲಿನದಿರಲಿ. ಕಬ್ಬಿಣವನ್ನು ಉಪ್ಪುಗಾಳಿ ಬಿಡುವುದಿಲ್ಲ. ಯಾವ ಸಾಮಾನನ್ನೂ ಗೋಡೆಗೆ ಅಂಟಿಸಬೇಡಿ, ನಾಲ್ಕು ಬೆರಳು ಗಾಳಿಯಾಡುವ ಜಾಗ ಬಿಡಿ.

2022ರ ಆಗಸ್ಟ್ ಮೊದಲಲ್ಲಿ ಭಟ್ಕಳದಲ್ಲಿ ಒಂದೇ ದಿನಕ್ಕೆ 500 ಮಿಲಿಮೀಟರಿಗೂ ಹೆಚ್ಚು ಮಳೆ ಹೊಡೆದು ಪೇಟೆಗೂ ಮನೆಗಳಿಗೂ ನೀರು ನುಗ್ಗಿದ್ದು ನೆನಪಿರಬೇಕು. ಅಂಥ ನೀರು ಇಳಿದ ಮೇಲೆ ಗಟ್ಟಿ ಮರದ ಬೆಂಚನ್ನು ತೊಳೆದು ನೆರಳಿನಲ್ಲಿ ಒಣಗಿಸಿ ಮತ್ತೆ ಒಳಗಿಡಬಹುದು. ಕೆಸರು ಕುಡಿದ ಫೋಮಿನ ಸೋಫಾವನ್ನು ಎತ್ತಿ ಬಿಸಾಡುವುದೇ. ತಗ್ಗಿನಲ್ಲಿ ಮನೆಯಿರುವವರು ಕೆಳಗಿನ ಜಗುಲಿಗೆ ಮರದ ಬೆಂಚು, ಮೇಲೆ ತೆಗೆದು ಎತ್ತಿಡಬಹುದಾದ ಹತ್ತಿಯ ಗಾದಿ ಇಟ್ಟುಕೊಳ್ಳುವುದೇ ಜಾಣತನ. ಭಟ್ಕಳದ ನವಾಯತ ಮನೆಗಳಲ್ಲಿ ನೆಂಟರಿಷ್ಟರು ಸೇರಿದಾಗ ನೆಲದ ಮೇಲೆ ಹಾಸಿ, ದೊಡ್ಡ ತಟ್ಟೆಯ ಸುತ್ತ ಕೂತು ಉಣ್ಣುವ ರೂಢಿಯಿದೆ. ಅಂಥ ಮನೆಗೆ ಜಾಗ ನುಂಗುವ ದೊಡ್ಡ ಡೈನಿಂಗ್ ಟೇಬಲ್ಲಿಗಿಂತ ಖಾಲಿ ನೆಲವೇ ಶೋಭೆ. ಗಲ್ಫಿನಿಂದ ಬಂದ ದಪ್ಪ ರತ್ನಗಂಬಳಿಯನ್ನು ಮೇ ತಿಂಗಳ ಕೊನೆಗೆ ಬಿಸಿಲು ಕಾಯಿಸಿ, ಸುತ್ತಿ ಅಟ್ಟಕ್ಕೆ ಹಾಕಿ. ಮಳೆಗಾಲಕ್ಕೆ ಚಾಪೆಯೇ ಸರಿ.

ಬಟ್ಟೆಯ ಪದರಕ್ಕೆ ಘಟ್ಟದ ಮೇಲಿನ ಅಕ್ಕತಂಗಿಯರಿಂದ ಕಲಿಯುವುದಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹಳೇ ಸೀರೆ, ಅಂಗಿಯ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ, ಮೂಲೆಗೆ ಮಡಚಿದ ಬಟ್ಟೆಯ ಹೂವಿಡುತ್ತಾರೆ. ತುಂಡು ಒಂದರಂತೆ ಒಂದಿಲ್ಲ, ಆದರೂ ಕಣ್ಣಿಗೆ ಗಲಿಬಿಲಿಯಿಲ್ಲ. ಉದ್ದಕ್ಕೂ ಓಡುವ ಹೊಲಿಗೆಯ ಸಾಲು ಹಿಡಿದು ಕಟ್ಟುತ್ತದೆ. ನಿಮ್ಮ ಬೇರೆ ಬೇರೆ ದಿಂಬುಗಳಿಗೂ ಒಂದೇ ಬಣ್ಣದ ಅಂಚುಪಟ್ಟಿ ಹೊಲಿದು ನೋಡಿ, ಹೊಸ ಸೆಟ್ಟಿನ ಖರ್ಚೇ ಉಳಿಯುತ್ತದೆ. ಪರದೆ ತೆಳು ಹತ್ತಿಯದಿರಲಿ, ನೆಲದಿಂದ ಒಂದು ಗೇಣು ಮೇಲಿರಲಿ. ಸಿಂಥೆಟಿಕ್ ವೆಲ್ವೆಟ್ಟು ಮುಗ್ಗಲು ವಾಸನೆ ಹಿಡಿದರೆ ದೀಪಾವಳಿವರೆಗೂ ಬಿಡುವುದಿಲ್ಲ.

ಅಲಂಕಾರದ ವಸ್ತುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುಮಟಾ, ಹೊನ್ನಾವರದಿಂದ ಶಿರಸಿ, ಸಾಗರದವರೆಗೆ ಗುಡಿಗಾರರ ಕೆತ್ತನೆಗೆ ಹೆಸರಿದೆ. ಅವರ ಕೈಯ ಒಂದು ವಸ್ತುವನ್ನು ಬೆಳಕು ಬೀಳುವ ಕಡೆ ಒಂಟಿಯಾಗಿಡಿ. ಗಾಜಿನ ಶೋಕೇಸಿನಲ್ಲಿ ಪ್ಲಾಸ್ಟಿಕ್ ಹೂವು, ಬಹುಮಾನದ ಕಪ್ಪುಗಳ ನಡುವೆ ತುರುಕಿದರೆ ಯಾವುದೂ ಕಾಣುವುದಿಲ್ಲ. ಕತ್ತಲೆ ಕೋಣೆಗೆ ಹೆಂಚಿನ ನಡುವೆ ಎರಡು ಗಾಜಿನ ಹೆಂಚು ಹಾಕಿಸಿ, ಹಗಲು ಲೈಟು ಬೇಕಾಗುವುದಿಲ್ಲ.

ಕೊನೆಯದಾಗಿ ಒಂದು ನಾಜೂಕಿನ ಮಾತು. ಹಳೆಯ ಕುರ್ಚಿಯೊಂದನ್ನು ಹೊರಗೆ ಹಾಕುವಾಗ ಅದರಲ್ಲಿ ಕೂರುವವರು ಯಾರು ಅಂತ ನೋಡಿ. ಮೆತ್ತಗಿನ ತಗ್ಗು ಸೋಫಾದಿಂದ ಮಂಡಿನೋವಿನ ಅತ್ತೆಯವರಿಗೆ ಏಳಲಿಕ್ಕೆ ಆಗುವುದಿಲ್ಲ. ಬಾಯಿಬಿಟ್ಟು ಹೇಳದೆ ಅವರು ಅಡುಗೆಮನೆಯ ಮಣೆಗೋ ಹಿತ್ತಲ ಕಟ್ಟೆಗೋ ಸರಿಯುತ್ತಾರೆ, "ಎಂತಕ್ಕೆ ಒಳಗೆ ಬಂದು ಕೂರುವುದಿಲ್ಲ?" ಅಂತ ಸೊಸೆಗೆ ಬೇಸರ. ಅವರ ಕೈಯಿರುವ ಎತ್ತರದ ಕುರ್ಚಿಗೆ ಬೆತ್ತ ಹೆಣೆಸಿ, ಹೊಸ ಸೋಫಾದ ದಿಂಬಿನ ಬಟ್ಟೆಯಿಂದಲೇ ಒಂದು ತೆಳು ಗಾದಿ ಹೊಲಿದು ಹಾಕಿ, ರಸ್ತೆ ಕಾಣುವ ಕಿಟಕಿಯ ಪಕ್ಕ ಇಡಿ. ಕವಳದ ತಬಕಿಗೆ ಹತ್ತಿರದಲ್ಲೇ ಒಂದು ಸಣ್ಣ ಮಣೆಯೂ ಇರಲಿ.