ಕಿಡ್ನಿಯ ಮೇಲಿನ ಗಡ್ಡೆ: ಎಂ.ಆರ್.ಐ. ಏನು ಹೇಳುತ್ತದೆ?

ಹೊಟ್ಟೆನೋವಿಗೋ ಕಿಡ್ನಿ ಕಲ್ಲಿನ ಸಂಶಯಕ್ಕೋ ಸ್ಕ್ಯಾನ್ ಮಾಡಿಸುತ್ತೀರಿ. ವರದಿಯಲ್ಲಿ ‘ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ’ ಎಂದು ಬರೆದಿರುತ್ತದೆ. ಮನೆಮಂದಿಗೆಲ್ಲ ಗಾಬರಿ. ಆದರೆ ಹೀಗೆ ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಅಡ್ರಿನಲ್ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ‘ಅಡಿನೋಮಾ’ ಎಂಬ, ದೇಹದಲ್ಲಿ ಹರಡದ ಗಡ್ಡೆಗಳು.

ಎರಡೂ ಕಿಡ್ನಿಗಳ ಮೇಲೆ ಟೋಪಿಯಂತೆ ಕುಳಿತಿರುವ ಪುಟ್ಟ ಗ್ರಂಥಿಗಳೇ ಅಡ್ರಿನಲ್. ರಕ್ತದೊತ್ತಡ, ದೇಹದ ಉಪ್ಪಿನಂಶ ಮುಂತಾದವನ್ನು ನಿಯಂತ್ರಿಸುವ ಹಾರ್ಮೋನುಗಳು ಇಲ್ಲಿ ತಯಾರಾಗುತ್ತವೆ. ಇವುಗಳಲ್ಲಿ ಕೆಲವಕ್ಕೆ ಕೊಲೆಸ್ಟ್ರಾಲ್ ಕಚ್ಚಾವಸ್ತು. ಆದ್ದರಿಂದಲೇ ಅನೇಕ ಅಡಿನೋಮಾಗಳ ಜೀವಕೋಶಗಳೊಳಗೆ ಕೊಬ್ಬಿನ ಸಣ್ಣ ಹನಿಗಳಿರುತ್ತವೆ. ಎಂ.ಆರ್.ಐ. ಹುಡುಕುವುದು ಈ ಕೊಬ್ಬನ್ನೇ.

ನೀರಿನಿಂದಲೂ ಕೊಬ್ಬಿನಿಂದಲೂ ಬರುವ ಸಂಕೇತಗಳನ್ನು ಈ ಯಂತ್ರ ಹಿಡಿಯುತ್ತದೆ. ಇಬ್ಬರು ಸೇರಿ ತೊಟ್ಟಿಲನ್ನು ಒಂದೇ ದಿಕ್ಕಿಗೆ ತಳ್ಳಿದರೆ ಅದು ಜೋರಾಗಿ ತೂಗುತ್ತದೆ. ಎದುರುಬದುರು ನಿಂತು ತಳ್ಳಿದರೆ ನಿಲ್ಲುತ್ತದೆ. ಹಾಗೆಯೇ ಒಂದು ಚಿತ್ರದಲ್ಲಿ ನೀರು, ಕೊಬ್ಬಿನ ಸಂಕೇತಗಳು ಕೂಡಿಕೊಳ್ಳುತ್ತವೆ, ಇನ್ನೊಂದರಲ್ಲಿ ಒಂದನ್ನೊಂದು ಅಳಿಸುತ್ತವೆ. ಎರಡನೆಯ ಚಿತ್ರದಲ್ಲಿ ಗಡ್ಡೆ ಸ್ಪಷ್ಟವಾಗಿ ಕಪ್ಪಾದರೆ ಅದು ಅಡಿನೋಮಾ ಆಗಿರುವ ಸಾಧ್ಯತೆ ಬಹಳ ಹೆಚ್ಚು.

ಕಪ್ಪಾಗದಿದ್ದರೆ ಕ್ಯಾನ್ಸರ್ ಎಂದು ತಿಳಿಯಬೇಡಿ. ಕೆಲವು ಅಡಿನೋಮಾಗಳಲ್ಲಿ ಕೊಬ್ಬು ಕಡಿಮೆ. ಅಪರೂಪಕ್ಕೆ ಬೇರೆ ಗಡ್ಡೆಗಳೂ ಕಪ್ಪಾಗುವುದುಂಟು. ಹಾಗಾಗಿ ವೈದ್ಯರು ಗಡ್ಡೆಯ ಗಾತ್ರ, ಬೆಳವಣಿಗೆ, ಹಿಂದೆ ಕ್ಯಾನ್ಸರ್ ಇತ್ತೇ ಎಂಬುದನ್ನೂ ನೋಡುತ್ತಾರೆ. 4 ಸೆಂ.ಮೀ.ಗಿಂತ ದೊಡ್ಡದಾದರೆ ಹೆಚ್ಚಿನ ಎಚ್ಚರ ಬೇಕು. ಔಷಧಿ ಚುಚ್ಚದೆ ತೆಗೆದ ಸಿ.ಟಿ. ಚಿತ್ರದಲ್ಲಿ ಗಡ್ಡೆ ಒಂದೇ ಸಮನಾಗಿದ್ದು, ಅದರ ಸಾಂದ್ರತೆ 10 ಹೌನ್ಸ್‌ಫೀಲ್ಡ್ ಯೂನಿಟ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಎಂ.ಆರ್.ಐ. ಬೇಕಾಗುವುದಿಲ್ಲ. ಎಂ.ಆರ್.ಐ.ಯಲ್ಲಿ ಕ್ಷ-ಕಿರಣ ಇಲ್ಲದ ಕಾರಣ ಮಕ್ಕಳಿಗೆ, ಗರ್ಭಿಣಿಯರಿಗೆ ಅದನ್ನೇ ಆರಿಸುವುದುಂಟು.

ಒಂದು ಮಾತು ನೆನಪಿರಲಿ. ಗಡ್ಡೆ ಅತಿಯಾಗಿ ಹಾರ್ಮೋನು ಸುರಿಸುತ್ತಿದೆಯೇ ಎಂಬುದನ್ನು ಎಂ.ಆರ್.ಐ. ಹೇಳಲಾರದು. ಅದಕ್ಕೆ ರಕ್ತ, ಮೂತ್ರದ ಪರೀಕ್ಷೆಗಳೇ ಬೇಕು. ಮಾತ್ರೆಗೂ ಜಗ್ಗದ ಬಿ.ಪಿ., ಇದ್ದಕ್ಕಿದ್ದಂತೆ ಎದೆಬಡಿತ, ಬೆವರು, ತಲೆನೋವು, ಮುಖ ಊದಿಕೊಳ್ಳುವುದು ಇವೆಲ್ಲ ಸೂಚನೆಗಳು. ‘ಫಿಯೋಕ್ರೊಮೊಸೈಟೋಮಾ’ ಎಂಬ ಅಪರೂಪದ ಗಡ್ಡೆ ಇರುವುದು ತಿಳಿಯದೆ ಸೂಜಿ ಚುಚ್ಚಿದರೆ ಅಥವಾ ಶಸ್ತ್ರಕ್ರಿಯೆ ಮಾಡಿದರೆ ಬಿ.ಪಿ. ಏಕಾಏಕಿ ಏರಿ ಜೀವಕ್ಕೇ ಅಪಾಯ.

ಸ್ಕ್ಯಾನ್ ಕೋಣೆಗೆ ಹೋಗುವ ಮುನ್ನ ಆಭರಣ, ಮೊಬೈಲ್, ಶಿರವಸ್ತ್ರದ ಪಿನ್ನು, ಅಯಸ್ಕಾಂತದ ಪಿನ್ನು ಎಲ್ಲವನ್ನೂ ತೆಗೆದಿಡಿ. ಪಿನ್ನಿಲ್ಲದೆ ಕಟ್ಟಿಕೊಳ್ಳುವ ಹತ್ತಿಬಟ್ಟೆ ಒಯ್ದು, ಅದನ್ನು ಧರಿಸಬಹುದೇ ಎಂದು ಸಿಬ್ಬಂದಿಯನ್ನು ಕೇಳಿ. ಪೇಸ್‌ಮೇಕರ್ ಅಥವಾ ದೇಹದೊಳಗೆ ಲೋಹವಿದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ. ಒಳಗೆ ಕೆಲವು ಸೆಕೆಂಡು ಉಸಿರು ಬಿಗಿಹಿಡಿಯಲು ಹೇಳುತ್ತಾರೆ, ಅಲುಗಾಡಬೇಡಿ.

ಹಳೆಯ ಸ್ಕ್ಯಾನ್‌ಗಳೊಂದಿಗೆ ವೈದ್ಯರ ಬಳಿ ಹೋದಾಗ ಎರಡು ಪ್ರಶ್ನೆ ಕೇಳಿ: ಇದು ಯಾವ ಬಗೆಯ ಗಡ್ಡೆ? ಹಾರ್ಮೋನು ಪರೀಕ್ಷೆ ಆಗಿದೆಯೇ? ಎರಡಕ್ಕೂ ಉತ್ತರ ಸಿಗುವವರೆಗೆ ಆಪರೇಷನ್‌ಗೆ ಅವಸರವೂ ಬೇಡ, ‘ಏನೂ ಇಲ್ಲ’ ಎಂಬ ಉದಾಸೀನವೂ ಬೇಡ.