ಪದರ ಹರಳುಗಳೊಳಗಿನ ಗೋಡೆಗಳು

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆಯ ಅಕ್ಕಪಕ್ಕದ ಎರಡು ಹೊಲಗಳನ್ನು ಊಹಿಸಿಕೊಳ್ಳಿ. ಒಂದರಲ್ಲಿ ಶೇಂಗಾ ಸಾಲುಗಳು ಪೂರ್ವ-ಪಶ್ಚಿಮವಾಗಿವೆ, ಇನ್ನೊಂದರಲ್ಲಿ ಉತ್ತರ-ದಕ್ಷಿಣವಾಗಿವೆ. ನಡುವೆ ಬದು ಇದೆ. ಫೆರೋವಿದ್ಯುತ್ ಹರಳುಗಳ ಒಳಗೂ ಇಂಥದೇ ಏರ್ಪಾಡು ಇರುತ್ತದೆ.

ಈ ಹರಳುಗಳಲ್ಲಿ ಧನ ಮತ್ತು ಋಣ ಅಯಾನುಗಳು ತುಸು ಅತ್ತಿತ್ತ ಸರಿದಿರುವುದರಿಂದ, ಹೊರಗಿನ ವಿದ್ಯುತ್ ಕ್ಷೇತ್ರವಿಲ್ಲದೆಯೂ ಧ್ರುವೀಕರಣ ಉಂಟಾಗುತ್ತದೆ. ಒಂದೇ ದಿಕ್ಕಿನ ಧ್ರುವೀಕರಣವಿರುವ ಭಾಗವೇ ಡೊಮೇನ್. ಎರಡು ಡೊಮೇನ್‌ಗಳ ನಡುವಿನ ಗಡಿಯೇ ಡೊಮೇನ್ ಗೋಡೆ. ಕಾಂತವಸ್ತುಗಳಲ್ಲಿ ಈ ಗೋಡೆ ಹತ್ತಾರು ನ್ಯಾನೋಮೀಟರ್ ದಪ್ಪವಿರಬಹುದು. ಫೆರೋವಿದ್ಯುತ್ ವಸ್ತುಗಳಲ್ಲಿ ಅದು ಸಾಮಾನ್ಯವಾಗಿ ಒಂದೆರಡು ನ್ಯಾನೋಮೀಟರ್ ಮಾತ್ರ, ಅಂದರೆ ಕೆಲವೇ ಏಕಕೋಶಗಳಷ್ಟು. ಬದುವಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ: ವಿದ್ಯುತ್ ಕ್ಷೇತ್ರ ಕೊಟ್ಟರೆ ಈ ಗೋಡೆ ಸರಿಯುತ್ತದೆ.

1949ರಲ್ಲಿ ಸ್ವೀಡನ್ನಿನ ಬೆಂಗ್ಟ್ ಆರಿವಿಲಿಯಸ್ ವಿವರಿಸಿದ ಪದರ ಆಕ್ಸೈಡ್‌ಗಳಲ್ಲಿ ಬಿಸ್ಮತ್ ಆಕ್ಸೈಡಿನ ಹಾಳೆಗಳೂ ಪೆರೋವ್‌ಸ್ಕೈಟ್ ಪದರಗಳೂ ಒಂದರ ಮೇಲೊಂದು ಜೋಡಿಸಿಕೊಂಡಿರುತ್ತವೆ. ಬಿಸ್ಮತ್ ಟೈಟನೇಟ್ ಇದಕ್ಕೆ ಉದಾಹರಣೆ. ಅದರ ಧ್ರುವೀಕರಣ ಬಹುಪಾಲು ಪದರದ ತಲದಲ್ಲೇ ಇರುತ್ತದೆ. ಆ ತಲದ ಎರಡು ಅಕ್ಷಗಳ ಅಳತೆ 0.545 ಮತ್ತು 0.541 ನ್ಯಾನೋಮೀಟರ್. ವ್ಯತ್ಯಾಸ ಶೇಕಡಾ ಒಂದಕ್ಕಿಂತ ಕಡಿಮೆ. ಹೀಗಾಗಿ ಅಕ್ಷಗಳು ಅದಲುಬದಲಾದ ಡೊಮೇನ್‌ಗಳು ಸುಲಭವಾಗಿ ಹುಟ್ಟುತ್ತವೆ. ಅವುಗಳ ನಡುವಿನದು 90 ಡಿಗ್ರಿ ಗೋಡೆ. ವಿರುದ್ಧ ದಿಕ್ಕಿನ ಡೊಮೇನ್‌ಗಳ ನಡುವಿನದು 180 ಡಿಗ್ರಿ ಗೋಡೆ.

ನಮ್ಮ ರಾಜ್ಯದಲ್ಲೂ ಈ ಕುಟುಂಬದ ಅಧ್ಯಯನ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಬಿ.ಆರ್. ವರ್ಮ, ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು 1990ರಲ್ಲಿ ಪದರ ರಚನೆಯ ಬಿಸ್ಮತ್ ವ್ಯಾನಡೇಟ್‌ಗಳ ತಯಾರಿಕೆ ಹಾಗೂ ಗುಣಗಳನ್ನು ಪ್ರಕಟಿಸಿದರು.

ಇದರಿಂದೇನು ಪ್ರಯೋಜನ? ಮೆಮೊರಿ ಚಿಪ್‌ನಲ್ಲಿ ಧ್ರುವೀಕರಣದ ಎರಡು ದಿಕ್ಕುಗಳೇ 0 ಮತ್ತು 1. ಬರೆದು ಅಳಿಸುವಾಗಲೆಲ್ಲ ಗೋಡೆಗಳು ಸರಿಯಬೇಕು. ಪ್ಲಾಟಿನಂ ವಿದ್ಯುದ್ವಾರಗಳ ನಡುವಿನ ಸೀಸದ ಜಿರ್ಕೋನೇಟ್-ಟೈಟನೇಟ್ ಪೊರೆ ಕಾಲಕ್ರಮೇಣ ದಣಿಯುತ್ತದೆ. ಆಕ್ಸಿಜನ್ ಇಲ್ಲದ ಖಾಲಿ ತಾಣಗಳು ಗೋಡೆಗಳನ್ನು ಹಿಡಿದು ನಿಲ್ಲಿಸುವುದು ಇದಕ್ಕೆ ನೀಡುವ ಮುಖ್ಯ ವಿವರಣೆಗಳಲ್ಲೊಂದು. ಪದರ ರಚನೆಯ ಸ್ಟ್ರಾನ್ಷಿಯಂ ಬಿಸ್ಮತ್ ಟ್ಯಾಂಟಲೇಟ್ ಮಾತ್ರ ಒಂದು ಲಕ್ಷ ಕೋಟಿ ಬಾರಿ ದಿಕ್ಕು ಬದಲಿಸಿದರೂ ದಣಿಯದೆಂದು 1995ರಲ್ಲಿ ವರದಿಯಾಯಿತು.

ತರಗತಿಯಲ್ಲಿ ಹೀಗೆ ಮಾಡಿಸಬಹುದು. ಗ್ರಾಫ್ ಹಾಳೆಯ ಎಡ-ಕೆಳಭಾಗದಲ್ಲಿ ಬಲಕ್ಕೆ ತಿರುಗಿದ ಬಾಣಗಳನ್ನೂ ಬಲ-ಮೇಲ್ಭಾಗದಲ್ಲಿ ಮೇಲಕ್ಕೆ ತಿರುಗಿದ ಬಾಣಗಳನ್ನೂ ಬರೆಯಿರಿ. ಇವೆರಡರ ಗಡಿಯನ್ನು ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಎಳೆಯಿರಿ. ಒಂದು ಬಾಣದ ತಲೆಗೆ ಇನ್ನೊಂದರ ಬಾಲ ಕೂಡುತ್ತದೆ. ಗಡಿಯಲ್ಲಿ ವಿದ್ಯುದಾವೇಶ ಶೇಖರವಾಗುವುದಿಲ್ಲ. ಗೋಡೆಗಳು ಸಾಮಾನ್ಯವಾಗಿ ಆರಿಸಿಕೊಳ್ಳುವುದು ಇಂಥ ದಾರಿಯನ್ನೇ. ತಲೆಗೆ ತಲೆ ತಾಗುವಂತೆ ಗಡಿ ಎಳೆದರೆ ಏನಾಗುವುದೆಂದು ವಿದ್ಯಾರ್ಥಿಗಳೇ ಹೇಳಲಿ.