38 ನಾಯಿ, 24 ಗಂಟೆ

2025ರ ಕೊನೆಯ ಹೊತ್ತಿಗೆ ನಿಮ್ಮಲ್ಲಿ ಬಹಳ ಜನರ ಮೊಬೈಲಿಗೆ ಒಂದು ವಿಡಿಯೋ ಬಂದಿರುತ್ತೆ. ಮಹಾರಾಷ್ಟ್ರದ ಒಬ್ಬ ವ್ಯಕ್ತಿ ಬೇರೆಯವರ ನಾಯಿಗಳನ್ನ ವಾಕಿಂಗ್ ಕರ್ಕೊಂಡು ಹೋಗೋದರಿಂದಲೇ ತಿಂಗಳಿಗೆ ನಾಲ್ಕೂವರೆ ಲಕ್ಷ ದುಡೀತಾನಂತೆ. ಒಟ್ಟು 38 ನಾಯಿ, ದಿನಕ್ಕೆ ಎರಡು ಸಲ. ವಿಡಿಯೋ ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: ನಾವು ಸುಮ್ನೆ ಓದಿ ಹಾಳಾದ್ವಿ!

ಅದಾಗಿ ಕೆಲವು ದಿನಕ್ಕೆ ಬಳ್ಳಾರಿಯಿಂದ ಒಬ್ಬ ವೀಕ್ಷಕ ನನಗೆ ಮೆಸೇಜ್ ಹಾಕಿದ. "ಅಣ್ಣಾ, ನಮ್ಮ ಗಾಂಧಿನಗರ, ಪಾರ್ವತಿನಗರದಾಗ ಈಗ ಮನೆಗೊಂದು ನಾಯಿ ಅದಾವ. ಡಿಪ್ಲೊಮಾ ಮುಗಿಸೀನಿ, ಕೆಲಸಕ್ಕೆ ಹೊಂಟೀನಿ, ಹದಿನಾರು ಸಾವಿರ ಕೊಡ್ತಾರ. ಬಿಟ್ಟು ಇದನ್ನ ಮಾಡ್ಲೇನು?"

ಹೌದು ಅನ್ನಬೇಕೋ ಬೇಡ ಅನ್ನಬೇಕೋ ತಿಳೀಲಿಲ್ಲ. ಎರಡು ದಿನ ಉತ್ತರ ಕೊಡಲಿಲ್ಲ. ಆಮೇಲೆ ಒಂದು ಹಾಳೆ ತಗೊಂಡು ಕೂತೆ. ಇಂಜಿನಿಯರಿಂಗ್ ಓದಿ ಆ್ಯಂಕರ್ ಆದವರಿಗೆ ಉಳಿಯೋ ಆಸ್ತಿ ಅಂದ್ರೆ ಈ ಲೆಕ್ಕದ ಚಟ ಒಂದೇ.

ನೋಡಿ, 38 ನಾಯಿ, ಎರಡು ಸಲ ಅಂದ್ರೆ ದಿನಕ್ಕೆ 76 ವಾಕಿಂಗ್. ಒಂದೊಂದಕ್ಕೆ ಅರ್ಧ ಗಂಟೆ ಅಂತ ಇಟ್ಕೊಂಡ್ರೂ 38 ಗಂಟೆ ಆಯ್ತು. ದಿನಕ್ಕಿರೋದು 24. ಅಂದ್ರೆ ಮೂರರಲ್ಲಿ ಒಂದು ನಡೀತಿರಬೇಕು. ಅವನ ಕೈಕೆಳಗೆ ಇನ್ನೂ ಜನ ಇರಬೇಕು, ಇಲ್ಲಾ ಐದಾರು ನಾಯಿಗಳನ್ನ ಒಟ್ಟಿಗೆ ಎಳ್ಕೊಂಡು ಹೋಗ್ತಿರಬೇಕು, ಇಲ್ಲಾ ಹತ್ತು ನಿಮಿಷ ಬೀದಿ ತುದಿಗೆ ಹೋಗಿ ಕಾಲೆತ್ತಿಸಿ ವಾಪಸ್ ಕರ್ಕೊಂಡು ಬರ್ತಿರಬೇಕು. ಆತ ಯಾವುದನ್ನ ಮಾಡ್ತಾನೋ ಆ ವಿಡಿಯೋದಲ್ಲಿ ಇರಲಿಲ್ಲ. ಐದೈದು ನಾಯಿ ಒಟ್ಟಿಗೆ ಹಿಡಿದ್ರೂ ದಿನಕ್ಕೆ ಏಳೂವರೆ ಗಂಟೆ ಬರೀ ನಡಿಗೆಗೇ ಬೇಕು. ಮನೆಯಿಂದ ಮನೆಗೆ ಓಡಾಡೋದು ಬೇರೆ.

ಈಗ ಈ ಲೆಕ್ಕವನ್ನ ಬಳ್ಳಾರಿಗೆ ತನ್ನಿ. ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ಅಲ್ಲಿಯವರೇ ನಗ್ತಾರೆ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟೋದು ಅಲ್ಲಿ ಸುದ್ದಿಯೇ ಅಲ್ಲ. ಆದರೆ ಟಿವಿಯಲ್ಲಿ ನಾವು ತೋರಿಸೋ ಆ ಅಂಕಿ ಗಾಳಿಯದ್ದು, ರಸ್ತೆಯದ್ದಲ್ಲ. ಬಿಸಿಲು ಕುಡಿದ ಡಾಂಬರು 60 ಡಿಗ್ರಿ ದಾಟುತ್ತೆ. ಅಷ್ಟು ಬಿಸಿಗೆ ಚರ್ಮ ಸುಡೋಕೆ ಕೆಲವೇ ಸೆಕೆಂಡು ಸಾಕು. ನಾವು ಚಪ್ಪಲಿ ಹಾಕಿರ್ತೀವಿ, ನಾಯಿ ಬರಿಗಾಲು. ಪರೀಕ್ಷೆ ಬಹಳ ಸುಲಭ: ಅಂಗೈಯ ಹಿಂಭಾಗವನ್ನ ರಸ್ತೆ ಮೇಲೆ ಏಳು ಸೆಕೆಂಡು ಇಡಿ. ನಿಮಗೆ ಆಗಲಿಲ್ಲ ಅಂದ್ರೆ ನಾಯಿಗೂ ಆಗಲ್ಲ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲಾ ಬೆವರಲ್ಲ. ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡೋದೇ ಅದರ ಕೂಲಿಂಗ್ ಸಿಸ್ಟಮ್. ಅದರ ಮೈಶಾಖ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಆಸುಪಾಸು, 41 ದಾಟಿತು ಅಂದ್ರೆ ಪ್ರಾಣಕ್ಕೇ ಕುತ್ತು. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗೆ ಆ ಏದುಸಿರೂ ಸಲೀಸಾಗಿ ಆಡಲ್ಲ. ಇನ್ನು ಹಸ್ಕಿ! ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯೋಕೆ ಹುಟ್ಟಿದ ಪ್ರಾಣಿಯನ್ನ ಬಳ್ಳಾರಿಯಲ್ಲಿ ಏಸಿ ಹಾಕಿ ಸಾಕೋರಿದ್ದಾರೆ. ಅದಕ್ಕೆ ನಾನೇನೂ ಹೇಳಲ್ಲ, ನಾಯಿ ಕೊಂಡ ಮೇಲೆ ಹೇಳಿ ಪ್ರಯೋಜನ ಇಲ್ಲ. ಬಿಸಿಲಿಗೆ ನಾಯಿ ಕುಸಿದ್ರೆ ಮೊದಲು ಅಲ್ಲೇ ಮೈಮೇಲೆ ನೀರು ಸುರಿದು ಗಾಳಿ ಬೀಸಬೇಕು, ಆಮೇಲೆ ಡಾಕ್ಟರ ಹತ್ತಿರ ಓಡಬೇಕು. ಇಷ್ಟು ಗೊತ್ತಿಲ್ಲದವರ ಕೈಗೆ ಹಗ್ಗ ಕೊಡಬಾರದು.

ಹಾಗಾದ್ರೆ ಬೇಸಿಗೆಯಲ್ಲಿ ಬಳ್ಳಾರಿಯ ವಾಕರ್‌ಗೆ ಸಿಗೋ ಸಮಯ ಎಷ್ಟು? ಬೆಳಗ್ಗೆ ಐದೂವರೆಯಿಂದ ಏಳೂವರೆ. ರಾತ್ರಿ ಎಂಟರ ಮೇಲೆ ಇನ್ನೆರಡು ಗಂಟೆ, ಅದೂ ರಸ್ತೆ ತಣ್ಣಗಾಗಿದ್ರೆ. ಒಂದು ಮನೆಗೆ ಓಡಾಟ ಸೇರಿ 40 ನಿಮಿಷ ಅಂದ್ರೆ ಬೆಳಗ್ಗೆ ಮೂರು ಮನೆ, ರಾತ್ರಿ ಅದೇ ಮೂರು ಮನೆ. ತಿಂಗಳಿಗೆ ಮನೆಗೆ 3,000 ಅಂತಿಟ್ರೂ 9,000 ರೂಪಾಯಿ. ಪೆಟ್ರೋಲು ಕಳೀರಿ. ಎಲ್ಲಿ ನಾಲ್ಕೂವರೆ ಲಕ್ಷ, ಎಲ್ಲಿ ಇದು?

ಇಲ್ಲಿಂದಲೇ ಕೆಟ್ಟ ದಾರಿ ಶುರುವಾಗೋದು. ಗಂಟೆ ಹೆಚ್ಚಿಸೋಕಾಗಲ್ಲ, ನಾಯಿ ಹೆಚ್ಚಿಸೋಣ ಅನ್ಸುತ್ತೆ. ಒಂದು ಕೈಗೆ ಮೂರು, ಇನ್ನೊಂದು ಕೈಗೆ ಮೂರು. 25 ಕೆ.ಜಿ.ಯ ಆರು ನಾಯಿ ಅಂದ್ರೆ 150 ಕೆ.ಜಿ., ಹಿಡ್ಕೊಂಡವನು 60 ಕೆ.ಜಿ. ಎದುರಿಗೆ ಒಂದು ಬೆಕ್ಕು ಹಾದುಹೋಗಲಿ, ಯಾರು ಯಾರನ್ನ ಎಳೀತಾರೆ ಅಂತ ನೀವೇ ಹೇಳಿ. ಕೆಲವರು ಹಗ್ಗ ಜಾರಬಾರದು ಅಂತ ಮಣಿಕಟ್ಟಿಗೆ ಸುತ್ಕೋತಾರೆ. ನಾಯಿ ಜಿಗಿದ್ರೆ ಮುರಿಯೋದು ಅದೇ ಮಣಿಕಟ್ಟು. ಹೆದರಿದ ನಾಯಿ ಮುಂದಕ್ಕೆ ಎಳೆಯಲ್ಲ, ಹಿಂದಕ್ಕೆ ಜಗ್ಗಿ ಕೊರಳಪಟ್ಟಿಯಿಂದ ತಲೆ ಬಿಡಿಸಿಕೊಳ್ಳುತ್ತೆ. ಮೈನ್ಸ್ ಲಾರಿ ಹಾರ್ನ್ ಹೊಡೆದಾಗ, ಮದುವೆ ಮೆರವಣಿಗೆಯ ಡಿಜೆ ಶುರುವಾದಾಗ ಆಗೋದೇ ಇದು. ಅದಕ್ಕೇ ತಿಳಿದವರು ಕೊರಳಪಟ್ಟಿ ಒಂದನ್ನೇ ನಂಬಲ್ಲ, ಎದೆಗೂ ಒಂದು ಪಟ್ಟಿ ಹಾಕಿ ಎರಡೂ ಕಡೆ ಕೊಂಡಿ ಸಿಕ್ಕಿಸ್ತಾರೆ. ಲಂಡನ್ನಿನ ರಾಯಲ್ ಪಾರ್ಕ್‌ಗಳಲ್ಲಿ ದುಡ್ಡಿಗೆ ನಾಯಿ ನಡೆಸೋರಿಗೆ ಲೈಸೆನ್ಸ್ ಬೇಕು, ಒಬ್ಬರಿಗೆ ಒಂದು ಸಲಕ್ಕೆ ನಾಲ್ಕೇ ನಾಯಿ. ಅಲ್ಲಿ ಬೀದಿನಾಯಿ ಇಲ್ಲ ಅನ್ನೋದನ್ನ ಮರೀಬೇಡಿ.

ನಮ್ಮಲ್ಲಿ ಇದೆ. ಬೆಳಗ್ಗೆ ಐದೂವರೆಗೆ ಬಳ್ಳಾರಿಯ ಯಾವ ಬಡಾವಣೆಗೆ ಬೇಕಾದ್ರೂ ಹೋಗಿ, ಬೀದಿ ಅವುಗಳದ್ದೇ. ಹಗ್ಗ ಕಟ್ಟಿದ ಹೊಸ ನಾಯಿ ಬಂದ್ರೆ ಅವು ಸುತ್ತುವರಿತಾವೆ. ವಾಕರ್ ಕಲ್ಲು ಬೀಸಿದ್ರೆ ಆ ದಿನ ಬಚಾವಾಗ್ತಾನೆ. ಮರುದಿನ ಅದೇ ನಾಯಿಗಳು ಅವನನ್ನ ನೆನಪಿಟ್ಕೊಂಡು ಕಾಯ್ತಾವೆ, ಇಲ್ಲಾ ಆ ದಾರೀಲಿ ಸ್ಕೂಲಿಗೆ ಹೋಗೋ ಮಗುವಿನ ಮೇಲೆ ಸಿಟ್ಟು ತೀರಿಸಿಕೊಳ್ಳಬಹುದು. ಓಡದೆ, ತನ್ನ ಮೈಯನ್ನ ಮಧ್ಯೆ ತಂದು, ನಿಧಾನಕ್ಕೆ ದಾರಿ ಬದಲಿಸೋದು ಸರಿಯಾದ ವಿಧಾನ. ಎಲ್ಲಿ ಊಟ ಹಾಕ್ತಾರೆ, ಎಲ್ಲಿ ಮರಿ ಹಾಕಿದೆ ಅಂತ ಮೊದಲೇ ಒಬ್ಬನೇ ಸುತ್ತಾಡಿ ಗುರುತು ಹಾಕ್ಕೊಂಡಿರಬೇಕು. ಇದಕ್ಕೆ ಯಾರೂ ದುಡ್ಡು ಕೊಡಲ್ಲ. ಬೀದಿನಾಯಿ ವಿಷಯ ಸುಪ್ರೀಂ ಕೋರ್ಟ್ ತನಕ ಹೋಗಿ 2025ರ ಆಗಸ್ಟ್‌ನಲ್ಲಿ, ನವೆಂಬರ್‌ನಲ್ಲಿ ಆದೇಶಗಳಾದವು. ಸಂತಾನಹರಣ ಆಗಿ, ಲಸಿಕೆ ಬಿದ್ದು, ಕಿವಿಯಲ್ಲಿ ಗುರುತು ಇರೋ ನಾಯಿಗಳು ಎಷ್ಟು ಹೆಚ್ಚಾದ್ರೆ ವಾಕರ್ ಕೆಲಸ ಅಷ್ಟು ಹಗುರ. ಅದು ಪಾಲಿಕೆಯ ಕೈಯಲ್ಲಿದೆ, ಈ ಹುಡುಗನ ಕೈಯಲ್ಲಲ್ಲ.

ಅವನ ಕೈಯಲ್ಲಿರೋದು ತನ್ನ ತೋಳಿಗೆ ಲಸಿಕೆ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸೋ ಔಷಧಿ ಇಲ್ಲ ಅನ್ನಬಹುದು. ಆದರೆ ಕಚ್ಚೋಕೆ ಮುಂಚೆಯೇ ಹಾಕಿಸಿಕೊಳ್ಳಬಹುದು ಅಂತ ಬಹಳ ಜನಕ್ಕೆ ಗೊತ್ತೇ ಇಲ್ಲ. 0, 7, ಆಮೇಲೆ 21 ಅಥವಾ 28ನೇ ದಿನ, ಮೂರು ಡೋಸ್. ಮುಂದೆ ಯಾವಾಗಲಾದ್ರೂ ಕಚ್ಚಿದ್ರೆ ಸೋಪು ನೀರಲ್ಲಿ 15 ನಿಮಿಷ ತೊಳೆದು ಮತ್ತೆ ಎರಡು ಡೋಸ್ ಹಾಕಿಸಲೇಬೇಕು, ಅದರಲ್ಲಿ ವಿನಾಯ್ತಿ ಇಲ್ಲ.

ಇದಕ್ಕಿಂತ ಕಷ್ಟದ ವಿಷಯ ಇನ್ನೊಂದಿದೆ. 2025ರ ಕೊನೆಯಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ಲಿಫ್ಟ್‌ನಲ್ಲಿ, ನೋಡ್ಕೊಳ್ಳೋಕೆ ಅಂತ ಇಟ್ಟುಕೊಂಡಿದ್ದ ಕೆಲಸದವರೇ ನಾಯಿಮರಿಯನ್ನ ಬಡಿದು ಕೊಂದರು. ಸಿಸಿಟಿವಿ ಇತ್ತು, ಹಾಗಾಗಿ ಗೊತ್ತಾಯ್ತು. ಇಲ್ಲದಿದ್ರೆ? ಈ ವ್ಯವಹಾರದ ವಿಚಿತ್ರ ನೋಡಿ. ದುಡ್ಡು ಕೊಡೋರು ಒಬ್ಬರು, ಸೇವೆ ಪಡೆಯೋರು ಇನ್ನೊಬ್ಬರು, ಆ ಇನ್ನೊಬ್ಬರಿಗೆ ಬಾಯಿ ಬರಲ್ಲ. ಹೊಡೆದ್ರೂ ಹೇಳಲ್ಲ, ಹತ್ತೇ ನಿಮಿಷಕ್ಕೆ ವಾಪಸ್ ತಂದ್ರೂ ಹೇಳಲ್ಲ. ಫೋಟೋ, ಲೊಕೇಶನ್ ಕಳಿಸೋದು ಒಳ್ಳೇದೇ. ನನ್ನ ಕೇಳಿದ್ರೆ, ವಾಕರ್ ಬೆಲ್ ಮಾಡಿದಾಗ ನಾಯಿ ಬಾಲ ಆಡಿಸ್ಕೊಂಡು ಬಾಗಿಲಿಗೆ ಬರುತ್ತಾ, ಸೋಫಾ ಕೆಳಗೆ ಸೇರ್ಕೊಳ್ಳುತ್ತಾ ಅನ್ನೋದನ್ನ ಮೊದಲು ನೋಡಿ. ಹಾಗೇ ವಾಕರ್ ಕಡೆಯಿಂದ, "ಇವತ್ತು ಹಗ್ಗ ಕೈಜಾರಿತ್ತು ಮೇಡಂ, ಎರಡು ನಿಮಿಷದಲ್ಲಿ ಸಿಕ್ತು" ಅಂತ ತಾನಾಗಿ ಹೇಳೋ ಧೈರ್ಯ ಬೇಕು. ಹೇಳಿದ್ರೆ ಗಿರಾಕಿ ಹೋಗಬಹುದು. ಆದರೂ ಹೇಳಬೇಕು.

ಕಾನೂನು? ನಾಯಿ ವಾಕರ್ ಅಂತ ಪ್ರತ್ಯೇಕ ಲೈಸೆನ್ಸ್ ನಮ್ಮಲ್ಲಿಲ್ಲ. ಆದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್, ಪ್ರಾಣಿ ಯಾರ ವಶದಲ್ಲಿದೆಯೋ ಅವರು ನಿರ್ಲಕ್ಷ್ಯ ಮಾಡಿ ಜನರ ಜೀವಕ್ಕೆ ಅಪಾಯ ತಂದ್ರೆ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ ಅನ್ನುತ್ತೆ. ವಶ ಅಂದ್ರೆ ಯಾರದ್ದು? ಹಗ್ಗ ಹಿಡಿದವನದ್ದೂ ಹೌದು. ರಾಟ್‌ವೀಲರ್ ಸೇರಿ 23 ತಳಿಗಳನ್ನ ನಿಷೇಧಿಸಿ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಹೊರಡಿಸಿದ್ದ ಸುತ್ತೋಲೆಯನ್ನ ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ರದ್ದು ಮಾಡಿತು. ಹಾಗಾಗಿ ಯಾವ ನಾಯಿ ಬೇಡ ಅನ್ನೋದನ್ನ ವಾಕರ್ ತಾನೇ ತೀರ್ಮಾನಿಸಬೇಕು. ತಳಿ ನೋಡಿ ಅಲ್ಲ, ತನ್ನ ಬಲ ನೋಡಿ. ಲಸಿಕೆ ಕಾರ್ಡ್ ತೋರಿಸದ ಮನೆಗೆ ಕೈಮುಗಿದು ಬರಬೇಕು.

ಸಿರುಗುಪ್ಪ, ಕುರುಗೋಡಿನಲ್ಲಿ ಈ ಸೇವೆ ನಡೆಯುತ್ತಾ? ಅಲ್ಲಿ ಯಾರಿಗಾದ್ರೂ ಹೇಳಿ ನೋಡಿ, "ನಾಯಿ ಅಡ್ಡಾಡ್ಸಾಕೂ ರೊಕ್ಕ ಕೊಡ್ಬೇಕೇನ್ರೀ?" ಅಂತ ನಗ್ತಾರೆ. ಕುರಿಗಾಹಿಯ ನಾಯಿ ಹಿಂಡಿನ ಜೊತೆ ದಿನವೆಲ್ಲ ನಡೆಯುತ್ತೆ, ಅದಕ್ಕೆ ಯಾರ ಸೇವೆಯೂ ಬೇಡ. ಆದರೆ ಸಿರುಗುಪ್ಪದ ಅಕ್ಕಿ ಗಿರಣಿ, ಗೋದಾಮುಗಳ ಕಾವಲು ನಾಯಿಯನ್ನ ನೆನಪಿಸ್ಕೊಳ್ಳಿ. ಹಗಲೆಲ್ಲ ಎರಡು ಅಡಿ ಸರಪಳಿ, ರಾತ್ರಿ ಬಿಡುಗಡೆ. ಕಟ್ಟಿಹಾಕಿ ಹಾಕಿ ಅದರ ಸಿಟ್ಟು ಏರಿರುತ್ತೆ, ಬಿಟ್ಟಾಗ ಎದುರು ಸಿಕ್ಕವರಿಗೆ ಕಚ್ಚುತ್ತೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಇದಕ್ಕೇ ಒಂದು ಸಾಲಿದೆ: ಸದಾ ಕಟ್ಟಿಹಾಕೋ ನಾಯಿಗೆ ಸಾಕಷ್ಟು ವ್ಯಾಯಾಮ ಕೊಡಿಸದಿರೋದು ಮಾಲೀಕರ ಅಪರಾಧ. ಅಂದ್ರೆ ವಾಕಿಂಗ್ ಶೋಕಿ ಅಲ್ಲ, 65 ವರ್ಷದಿಂದ ಕಾನೂನು. ದಂಡ ಎಷ್ಟು ಗೊತ್ತಾ? ಮೊದಲ ಸಲ ಹತ್ತರಿಂದ ಐವತ್ತು ರೂಪಾಯಿ! ಇವತ್ತಿಗೂ ಅಷ್ಟೇ.

ಆ ಹುಡುಗನಿಗೆ ಈ ಲೆಕ್ಕವನ್ನೆಲ್ಲ ಬರೆದು ಕಳಿಸಿದೆ. ಈಗಿನ ಕೆಲಸ ಬಿಡಬೇಡ, ನಿನ್ನ ಬೀದಿಯಲ್ಲೇ ಎರಡು ಮನೆಯಿಂದ ಶುರುಮಾಡು, ಒಂದು ಸಲಕ್ಕೆ ಒಂದೇ ನಾಯಿ, ರೇಟು ಮಾತ್ರ ಕಮ್ಮಿ ಮಾಡಬೇಡ ಅಂದೆ. ಒಂದು ವಾರ ಸುದ್ದಿಯಿಲ್ಲ. ಬೇಜಾರಾಯ್ತೇನೋ ಅಂದ್ಕೊಂಡೆ. ಆಮೇಲೆ ಒಂದು ಫೋಟೋ ಬಂತು. ಹಗ್ಗ, ಪಟ್ಟಿಯ ಫೋಟೋ ಅಲ್ಲ, ಲಸಿಕೆ ಚೀಟಿಯದ್ದು. ಕೆಳಗೆ ಬರೆದಿದ್ದ: "ಎರಡ್ನೇ ಡೋಸ್ ಸೋಮವಾರ ಐತಣ್ಣ. ಒಂದು ಮನಿಯವರು ಒಪ್ಪ್ಯಾರ. ಇನ್ನೊಬ್ರು ರೇಟು ಕೇಳಿ ಫೋನ್ ಇಟ್ಟ್ರು."